ಗುಂಡು ಹಾರದ ಸಿನಿಮಾ

ಸಾರಕ್ಕಿ,
೧೮ ಆಗಸ್ಟ್ ೨೦೨೫, ಸೋಮವಾರ

ಪ್ರೀತಿಯ ಶ್ವೇತೂ,

ಒಂದು ಕಾಲದಲ್ಲಿ ಸಾರಕ್ಕಿ ಕೆರೆಯ ಪಕ್ಕ ಹಾಕಿದ್ದ ಟೆಂಟು ಸಿನಿಮಾದಲ್ಲಿ ರೀಲು ತುಂಡಾಗಿ ಜನ ಬೆಂಚು ಮುರಿಯಲು ಎದ್ದಾಗ, ಪರದೆಯ ಮುಂದೆ ನಿಂತು ಉಳಿದರ್ಧ ಸಿನಿಮಾವನ್ನು ನಾಯಕ, ನಾಯಕಿ, ಖಳನಾಯಕ, ಅವನ ಕುದುರೆ ಎಲ್ಲವೂ ತಾನೇ ಆಗಿ ಅಭಿನಯಿಸಿ ತೋರಿಸಿದವನು ನಿನ್ನ ಈ ಮಾಮ. ಮಾರನೆಯ ದಿನ ರೀಲು ಸರಿಹೋಯಿತು, ಆದರೆ ಜನ ಒಪ್ಪಲಿಲ್ಲ. ರೀಲು ಬೇಡ, ರಾಮಯ್ಯನೇ ಬರಲಿ ಎಂದು ಹಟ ಹಿಡಿದು ಕೂತರು. ಆಗ ನನಗೆ ಹನ್ನೊಂದು ವರ್ಷ. ಇದನ್ನು ಮೊದಲೇ ಬರೆಯುತ್ತಿರುವುದು ಯಾಕೆಂದರೆ, ಸಿನಿಮಾದ ಬಗ್ಗೆ ಅಭಿಪ್ರಾಯ ಹೇಳಲು ಏಳನೇ ಕ್ಲಾಸಿಗೇ ಓದು ಬಿಟ್ಟ ಮಾಮನಿಗೆ ಏನು ಯೋಗ್ಯತೆ ಎಂದು ಮುಂದೆ ನೀನು ಕೇಳಬಾರದು.

ಅದಿರಲಿ, ನೀನು ಹೇಗಿದ್ದೀಯಮ್ಮ? ಪಣಜಿಯಲ್ಲಿ ಮಳೆ ಬಿಟ್ಟಿತೇ? ಒಗೆದ ಬಟ್ಟೆ ಒಣಗುವುದೇ ಇಲ್ಲ ಎಂದಿದ್ದೆ, ಒದ್ದೆ ಬಟ್ಟೆ ಹಾಕಿಕೊಂಡು ನೆಗಡಿ ತರಿಸಿಕೊಳ್ಳಬೇಡ. ನಿನ್ನ ಅಮ್ಮಣ್ಣಿ ಅತ್ತೆ ಕಳಿಸಿದ ಹುರಿಹಿಟ್ಟು, ನಿಂಬೆಕಾಯಿ ಉಪ್ಪಿನಕಾಯಿ ತಲುಪಿದವೇ? ಉಪ್ಪಿನಕಾಯಿಗೆ ಖಾರ ಜಾಸ್ತಿಯಾಗಿದ್ದರೆ ಅದು ನನ್ನ ಕೈಗುಣವಲ್ಲ, ಅವಳದು. ನಾನು ಚೆನ್ನಾಗಿದ್ದೇನೆ. ಸಕ್ಕರೆ ಇದೆ ಎಂದು ಜಯನಗರದ ಡಾಕ್ಟರು ಹೇಳುತ್ತಾರೆ, ಪಾಪ, ಅವರೂ ಏನಾದರೂ ಹೇಳಬೇಕಲ್ಲ. ನಿಮ್ಮಮ್ಮ, ಅಂದರೆ ನಮ್ಮ ಮಂಗಮ್ಮಕ್ಕ, ಮೊಣಕಾಲೊಂದು ಬಿಟ್ಟರೆ ಗಟ್ಟಿಯಾಗಿದ್ದಾಳೆ. ಅತ್ತೆ ಮಾತ್ರ ಈಗೆರಡು ದಿನದಿಂದ ಮೇಲ್ಮನೆಯ ಬಾಡಿಗೆದಾರ ನಂದಕುಮಾರನ ಮೇಲೆ ಕೆಂಡವಾಗಿದ್ದಾಳೆ. ಈ ತಿಂಗಳ ಬಾಡಿಗೆ ಇನ್ನೂ ಕೊಟ್ಟಿಲ್ಲವಂತೆ. ಅವನು ಮೆಟ್ಟಿಲಿಳಿಯುವಾಗಲೆಲ್ಲ ಇವಳು ಪಾತ್ರೆಗಳನ್ನು ಬೇಕೆಂದೇ ಕುಕ್ಕುತ್ತಾಳೆ. ಅವನು ನಮಸ್ಕಾರ ಆಂಟಿ ಅಂದರೆ ಆಕಾಶ ನೋಡುತ್ತಾಳೆ. ಒಳ್ಳೆಯ ಹುಡುಗ, ಪಾಪ. ಹೋಗಲಿ ಬಿಡು. ನಿಮ್ಮಪ್ಪನ ವಿಷಯ ಮುಂದೆ ಬರುತ್ತದೆ, ಆತುರದಲ್ಲಿ ಕೊನೆಯ ಪುಟಕ್ಕೆ ಹಾರಬೇಡ.

ಈಗ ಕಾಗದದ ಕಾರಣಕ್ಕೆ ಬರುತ್ತೇನೆ. ನೀನು ಫೋನಿನಲ್ಲಿ ಹೇಳಿದ್ದು ನೆನಪಿದೆ: "ಮಾಮ, ವಾಯ್ಸ್ ಮೆಸೇಜ್ ಕಳಿಸ್ಬೇಡ. ನೀನು ಬಾಯಿ ಬಿಟ್ರೆ ಮುಕ್ಕಾಲು ಬುರುಡೆ. ಬರೆದು ಕಳ್ಸು. ಬರೆಯೋಕೆ ಕೈ ನೋಯುತ್ತೆ, ಸುಳ್ಳು ಕಮ್ಮಿಯಾಗುತ್ತೆ." ಕೈ ನೋಯುತ್ತಿದೆ ಕಣಮ್ಮ, ಆದ್ದರಿಂದ ಇನ್ನು ಮುಂದಿನದೆಲ್ಲ ನಿಜ. ಇಂಗ್ಲಿಷ್ ಸಿನಿಮಾದವರು ಆಡುವ ಮಾತನ್ನು ಪರದೆಯ ಕೆಳಗೆ ಕನ್ನಡದಲ್ಲಿ ಬರೆಯುವ ನಿನ್ನ ಈ ಹೊಸ ಕೆಲಸದಲ್ಲಿ ಪೂರ್ತಿ ನೀನೊಬ್ಬಳೇ ಬರೆದ ಮೊದಲನೆಯ ಸಿನಿಮಾ ಇದು, ಶನಿವಾರ ಜಯನಗರ ನಾಲ್ಕನೇ ಬ್ಲಾಕಿನ ಹಾಲಿನಲ್ಲಿ ತೋರಿಸುತ್ತಾರೆ, ಓದು ಕಡಿಮೆ ಇರುವವರಿಗೂ ಅರ್ಥವಾಗುತ್ತದೆಯೇ ನೋಡಿ ಹೇಳು, ಅಪ್ಪನಿಗೆ ಮಾತ್ರ ತಿಳಿಸಬೇಡ ಎಂದಿದ್ದೆ. ನಾನು ತಿಳಿಸಲಿಲ್ಲ. ಹೇಗೆ ತಿಳಿಸಲಿ? ಸಂಕ್ರಾಂತಿ ಹೊತ್ತಿಗೆ ನೀನು ಸಹಕಾರಿ ಬ್ಯಾಂಕಿನ ಕೆಲಸ ಬಿಟ್ಟು ಪಣಜಿಗೆ ಹೋದಾಗಿನಿಂದ ಶಿವರಾಮ್ ಭಾವ ನಿನ್ನ ಹೆಸರು ಬಂದರೆ ಸಾಕು, ಎದ್ದು ಹೋಗಿ ಗಿಡಕ್ಕೆ ನೀರು ಹಾಕುತ್ತಾರೆ. ಅಕ್ಕ ಸುಮ್ಮನಿರಬೇಕಲ್ಲ, ದಿನಕ್ಕೆ ಹತ್ತು ಸಲ ನಿನ್ನ ಹೆಸರು ಎತ್ತುತ್ತಾಳೆ. ಗಿರಿನಗರದ ನಿಮ್ಮ ಮನೆಯ ಮುಂದಿನ ತುಳಸಿ ನೀರು ಹೆಚ್ಚಾಗಿ ಕೊಳೆತೇ ಹೋಯಿತು. ನೀನೂ ಅವರ ಮಗಳೇ ತಾನೆ, ಅಪ್ಪನೇ ಬಾಯಿಬಿಟ್ಟು ಕರೆಯದೆ ಗೌರಿ ಹಬ್ಬಕ್ಕೆ ಬರುವುದಿಲ್ಲ ಎಂದು ಕೂತಿದ್ದೀಯ. ಹಬ್ಬಕ್ಕೆ ಇನ್ನೇನು ವಾರ ಉಳಿದಿದೆ. ನಿಮ್ಮಿಬ್ಬರ ನಡುವೆ ನಮ್ಮಕ್ಕ ಅರೆದ ಚಟ್ನಿಯಾಗಿದ್ದಾಳೆ.

ಶನಿವಾರ ಮಧ್ಯಾಹ್ನ ಭಾವ ಎಂದಿನಂತೆ ಸಾರಕ್ಕಿ ಮಾರ್ಕೆಟ್ಟಿಗೆ ಸೊಪ್ಪು ಕೊಳ್ಳಲು ಬಂದವರು ಸೀನುವಿನ ಟೀ ಅಂಗಡಿಯಲ್ಲಿ ಕೂತಿದ್ದರು. ನಾನು ಸಿನಿಮಾದ ಕರಪತ್ರ ಕೈಯಲ್ಲಿ ಹಿಡಿದು, ಇವತ್ತು ಸಂಜೆ ಇಂಗ್ಲಿಷ್ ಕುದುರೆ ಸಿನಿಮಾಕ್ಕೆ ಹೋಗುತ್ತಿದ್ದೇನೆ, ಕಮ್ಮಿ ಅಂದರೂ ಹತ್ತು ಗುಂಡು, ನಾಲ್ಕು ಹೆಣ ಎಂದು ಸೀನುವಿಗೆ ವಿವರಿಸುತ್ತಿದ್ದೆ. ಭಾವ ಕರಪತ್ರ ಇಸಿದುಕೊಂಡರು. ನಿಮ್ಮಪ್ಪ ಗೊತ್ತಲ್ಲ, ಔಷಧಿ ಚೀಟಿಯ ಹಿಂಭಾಗವನ್ನೂ ಓದುವ ಮನುಷ್ಯ. ಕನ್ನಡಕ ಸರಿಮಾಡಿಕೊಂಡು ಸಣ್ಣ ಅಕ್ಷರವನ್ನೆಲ್ಲ ಓದಿ, ಮಡಿಸಿ, ವಾಪಸು ಕೊಟ್ಟು, "ಒಂದೂ ಹಾರಲ್ಲ" ಎಂದರು. ಅಷ್ಟೇ. ನನಗೆ ಮೈಯೆಲ್ಲ ಉರಿದು ಹೋಯಿತು. ಟೋಪಿ ಇದೆ, ಕುದುರೆ ಇದೆ, ಚಿತ್ರದಲ್ಲಿ ಗೋಡೆಯ ಮೇಲೆ ಕೋವಿ ತೂಗುತ್ತಿದೆ, ಗುಂಡು ಹಾರದೆ ಇರುತ್ತದೆಯೇ? ಬ್ಯಾಂಕಿನಲ್ಲಿಟ್ಟ ದುಡ್ಡೊಂದನ್ನು ಬಿಟ್ಟು ನೀವು ಈ ಲೋಕದಲ್ಲಿ ಇನ್ನೇನನ್ನು ನಂಬಿದ್ದೀರಿ ಭಾವ ಎಂದು ಕೆಣಕಿದೆ. ಅವರು ಟೀ ಲೋಟ ಕೆಳಗಿಟ್ಟರು. ಪಂದ್ಯ ಬಿತ್ತು. ಐನೂರು ರೂಪಾಯಿ.

ಸಾರಕ್ಕಿ ಪಂದ್ಯದ ಕಟ್ಟಳೆ ನಿನಗೆ ಗೊತ್ತಿರಲಾರದು, ನಿನ್ನ ಕಾಲಕ್ಕೆ ಇಲ್ಲಿ ಹೊಲವೆಲ್ಲ ಸೈಟಾಗಿ ಸಿಗ್ನಲ್ ಲೈಟು ಬಂದಿತ್ತು. ಮುದ್ದೆ ನುಂಗುವ ಪಂದ್ಯವಿರಲಿ, ಗುಂಡುಕಲ್ಲು ಎತ್ತುವ ಪಂದ್ಯವಿರಲಿ, ಇಬ್ಬರ ದುಡ್ಡೂ ಮೊದಲೇ ಮಧ್ಯಸ್ಥನ ಜೇಬಿಗೆ ಹೋಗಬೇಕು. ಪಂದ್ಯ ಕಟ್ಟಿದವರಿಬ್ಬರೂ ಒಂದೇ ಕಡೆ ಕೂತು ಕೊನೆಯವರೆಗೆ ನೋಡಬೇಕು. ಮುಗಿಯುವ ಮುಂಚೆ ಯಾರು ಕೂತ ಜಾಗದಿಂದ ಏಳುತ್ತಾನೋ ಅವನು ಸೋತ, ಅಲ್ಲಿಗೆ ಮುಗಿಯಿತು. ಮನೆಗೆ ಬೆಂಕಿ ಬಿದ್ದಿದೆ ಎಂದರೂ ಏಳುವ ಹಾಗಿಲ್ಲ. ಭಾವ ಊರಿನ ಅಳಿಯ, ಕಟ್ಟಳೆ ಬಲ್ಲವರು, ಒಪ್ಪಿದರು. ಸೀನು ಮಧ್ಯಸ್ಥ. ಅಂಗಡಿಯನ್ನು ಹೆಂಡತಿಗೆ ವಹಿಸಿ ಅವನೂ ಹೊರಟ. ಹೀಗೆ ಸಿನಿಮಾ ಎಂದರೆ ಮೂಗು ಮುರಿಯುವ ನಿಮ್ಮಪ್ಪ, ಎರಡು ಕಟ್ಟು ದಂಟಿನ ಸೊಪ್ಪಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮಗಳು ಬರೆದದ್ದು ಎಂದು ತಿಳಿಯದೆ ನಿನ್ನ ಸಿನಿಮಾಕ್ಕೆ ಬಂದು ಕೂತರು.

ಇನ್ನು ಸಿನಿಮಾ. ಊರೇ ಇಲ್ಲದ ಊರು ಅದು. ಒಂದು ಹೊಳೆ, ಈಚೆಗೂ ಹುಲ್ಲು, ಆಚೆಗೂ ಹುಲ್ಲು. ನಮ್ಮ ತಾತನ ಕಾಲದಲ್ಲಿ ಜೆ.ಪಿ. ನಗರದ ಕಡೆ ಹೀಗೇ ಇತ್ತಂತೆ, ವ್ಯತ್ಯಾಸವೆಂದರೆ ಅಲ್ಲಿ ಒಬ್ಬ ಬ್ರೋಕರೂ ಕಾಣಿಸಲಿಲ್ಲ. ಹಗ್ಗ ಹಿಡಿದು ತೆಪ್ಪ ಎಳೆಯುವ ಒಬ್ಬ ಮುದುಕ. ಅಲ್ಲಿಗೆ ಗಂಡ ಸತ್ತ ಒಬ್ಬ ಹೆಂಗಸು ಗಾಡಿಯಲ್ಲಿ ಒಂದು ಬಾಗಿಲು ಹೇರಿಕೊಂಡು ಬರುತ್ತಾಳೆ. ಮನೆ ಇಲ್ಲ, ಬರೀ ಬಾಗಿಲು! ಆಮೇಲೆ ಎರಡೂಕಾಲು ಗಂಟೆ ಅವರಿಬ್ಬರೂ ಆ ಬಾಗಿಲಿನ ಸುತ್ತ ಮನೆ ಕಟ್ಟುತ್ತಾರೆ. ಮಣ್ಣು ಕಲಸುತ್ತಾರೆ, ಮಳೆ ಬಂದು ಕರಗಿಸುತ್ತದೆ, ಮತ್ತೆ ಕಲಸುತ್ತಾರೆ. ಅರ್ಧ ಹೊತ್ತು ಯಾರೂ ಮಾತೇ ಆಡುವುದಿಲ್ಲ, ಸಂಬಳಕ್ಕೆ ಹೋಲಿಸಿದರೆ ನಿನಗೆ ಕೆಲಸ ಕಡಿಮೆಯೇ ಅಂದುಕೊಂಡೆ. ಕೋವಿ ಮುದುಕನ ಗುಡಿಸಲ ಗೋಡೆಯ ಮೇಲಿತ್ತು. ನಾನು ಕಣ್ಣು ಕೀಳಲಿಲ್ಲ. ಒಂದು ಸಲ ಹೆಂಗಸು ಅದನ್ನು ಕೈಗೆತ್ತಿಕೊಂಡಳು, ನಾನು ಭಾವನ ಪಕ್ಕೆಗೆ ತಿವಿದೆ. ಅವಳು ಅದನ್ನು ಎರಡು ಕವೆಕೋಲುಗಳ ಮೇಲೆ ಅಡ್ಡ ಇಟ್ಟು ಒದ್ದೆ ಲಂಗ ಒಣಹಾಕಿದಳು. ಆಮೇಲೆ ದೊಡ್ಡ ಟೋಪಿಯ, ಕೆನ್ನೆಯಲ್ಲಿ ಗಾಯದ ಗುರುತಿನ ಒಬ್ಬ ಕುದುರೆ ಮೇಲೆ ಬಂದ. ಬಂತು ನೋಡು ಸಮಯ ಎಂದು ನೆಟ್ಟಗೆ ಕೂತೆ. ಅವನು ಸ್ವಲ್ಪ ಉಪ್ಪು ಕೇಳಿದ, ಊಟ ಮಾಡಿದ, ತನ್ನ ತಟ್ಟೆ ತಾನೇ ತೊಳೆದಿಟ್ಟು ಹೋದ. ಅಷ್ಟು ದೊಡ್ಡ ಟೋಪಿ ಹಾಕಿಕೊಂಡು ಬಂದು ಉಪ್ಪು ಕೇಳುವುದೇ?

ಸೀನು ಮೊದಲನೆಯ ಮಳೆಗೇ ನಿದ್ದೆ ಹೋಗಿದ್ದ. ಮಡಕೆಯ ಮುಚ್ಚಳ ಬಿದ್ದ ಸದ್ದಿಗೆ ಗಾಬರಿಯಾಗಿ ಎದ್ದು ಕೂತು, "ಹಾರ್ತಾ ರಾಮಣ್ಣ?" ಎಂದು ಇಡೀ ಹಾಲಿಗೆ ಕೇಳುವಂತೆ ಕೇಳಿದ. ಹೌದು, ಹಾರಿತು ಎಂದು ಹೇಳಿಬಿಡೋಣ ಅನ್ನಿಸಿತು, ಆದರೆ ಭಾವ ಆಗಲೇ "ಮುಚ್ಚಳ" ಎಂದಿದ್ದರು. ಸೀನುವಿಗೆ ಕನ್ನಡಕ ಮರೆತು ಬಂದದ್ದರಿಂದ ಅಕ್ಷರ ಕಾಣುತ್ತಿರಲಿಲ್ಲ, ಅವನಿಗೆಂದು ನಾನು ನಿನ್ನ ಸಾಲುಗಳನ್ನು ಓದಿ ಹೇಳುತ್ತಿದ್ದೆ. ಹಿಂದಿನ ಸಾಲಿನ ಹೆಣ್ಣುಮಗಳೊಬ್ಬಳು, "ಅಂಕಲ್, ಸ್ವಲ್ಪ ಮೆಲ್ಲಗೆ ಓದ್ತೀರಾ ಪ್ಲೀಸ್" ಎಂದಳು. ನಾನು ಬಾಯಿ ಮುಚ್ಚಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಬಗ್ಗಿ, ಮುಂದಿನವರ ತಲೆ ಅಡ್ಡ ಬಂತು, ಈಗ ಏನಂದಳು ಎಂದು ಕೇಳಿದಳು. ಆದ್ದರಿಂದ ಬರೆದುಕೋ: ಏಳನೇ ಕ್ಲಾಸಿನವನು ಓದಿದ, ಒಂದು ಸಾಲೂ ತಪ್ಪಲಿಲ್ಲ, ಓದಿ ಮುಗಿಸುವವರೆಗೆ ಅಕ್ಷರ ಕಾದು ನಿಲ್ಲುತ್ತಿತ್ತು. ಮುದುಕ ಕೇಳುತ್ತಾನಲ್ಲ, ಮನೆಯೇ ಇಲ್ಲದೆ ಬಾಗಿಲು ಯಾಕೆ ಹೊತ್ತು ತಂದೆ ಎಂದು. ಅದಕ್ಕೆ ಅವಳು, "ಬಾಗಿಲಿದ್ದರೆ ಯಾರಾದರೂ ತಟ್ಟುತ್ತಾರೆ" ಎನ್ನುತ್ತಾಳೆ. ನಮ್ಮ ಸಾರಕ್ಕಿಯಲ್ಲಿ ಬಾಗಿಲಿಲ್ಲದಿದ್ದರೂ ಬರುತ್ತಾರೆ, ಮನೆ ಖಾಲಿ ಇದೆಯಾ ಅಂತ, ಎಂದು ನಾನು ಭಾವನ ಕಿವಿಯಲ್ಲಿ ಹೇಳಿದೆ. ಅವರು ನಗಲಿಲ್ಲ.

ನೀನು ನಿಜ ಕೇಳಿದ್ದೀಯ, ಹೇಳುತ್ತೇನೆ. ಒಳ್ಳೆಯ ಸಿನಿಮಾ. ಚೌಕಟ್ಟು ನಿಲ್ಲಿಸುವಾಗ ಆ ಮುದುಕ ದಾರಕ್ಕೆ ಕಲ್ಲು ಕಟ್ಟಿ ನೇರ ನೋಡಿದನಲ್ಲ, ಅದನ್ನು ನೋಡಿ ನನಗೆ ಕೈ ಮುಗಿಯಬೇಕು ಅನ್ನಿಸಿತು. ಮೂರು ಮನೆ ಕಟ್ಟಿಸಿದವನು ನಾನು, ನನ್ನ ಮೇಸ್ತ್ರಿಗಳು ಬರೀ ಕಣ್ಣಳತೆಯಲ್ಲಿ ಮುಗಿಸಿದ್ದರಿಂದ ಇವತ್ತಿಗೂ ನಮ್ಮ ನಡುಮನೆಯಲ್ಲಿ ನಿಂಬೆಹಣ್ಣು ಇಟ್ಟರೆ ಉರುಳಿ ಅಡುಗೆಮನೆಗೆ ಹೋಗುತ್ತದೆ. ಮಳೆ ನಿಜವಾದ ಮಳೆ, ಕೆಸರು ನಿಜವಾದ ಕೆಸರು, ಆ ಹೆಂಗಸಿನ ಉಗುರಿನಲ್ಲಿ ಮಣ್ಣಿತ್ತು. ಒಬ್ಬರಿಗೊಬ್ಬರು ಕೆಟ್ಟದ್ದು ಮಾಡದೆ ಎರಡೂಕಾಲು ಗಂಟೆ ಕಳೆಯಬಹುದು ಎಂದು ತೋರಿಸಿದರು, ಅದೂ ಸರಿಯೇ. ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ ಕಣಮ್ಮ. ಪಥ್ಯದಲ್ಲಿರುವವರ ಮನೆಗೆ ನೆಂಟನಾಗಿ ಹೋದ ಹಾಗಾಯಿತು, ಎಲೆ ಶುಚಿ, ಅನ್ನ ಬಿಸಿ, ಬಡಿಸಿದವರ ಮನಸ್ಸು ದೊಡ್ಡದು, ಆದರೆ ಮನೆಗೆ ಬಂದ ಮೇಲೆ ಒಂದು ಮೆಣಸಿನಕಾಯಿ ಕಚ್ಚಬೇಕು ಅನ್ನಿಸುತ್ತದೆ. ಮತ್ತೆ ನೋಡು ಎಂದರೆ ನೋಡುವುದಿಲ್ಲ. ಕೊನೆಯಲ್ಲಿ ಹಿಂದಿನ ಗೋಡೆ ಕಟ್ಟಲೇ ಇಲ್ಲವಲ್ಲ? ಬಾಗಿಲು ಹಾಕಿಕೊಂಡು ಅವರಿಬ್ಬರೂ ಒಳಗೆ ಕೂತಿದ್ದಾರೆ, ಹಿಂದಿನಿಂದ ನಾಯಿ ಆರಾಮಾಗಿ ಒಳಗೆ ಬರುತ್ತದೆ! ಇನ್ನರ್ಧ ಗಂಟೆ ಜಾಸ್ತಿ ತೋರಿಸಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗಲೂ ಆ ಗೋಡೆಯದೇ ಯೋಚನೆ. ನಾನು ಪಣ ಕಟ್ಟಿದ ಕೋವಿಯನ್ನು ಆ ಹೆಂಗಸು ಕೊನೆಗೆ ಏನು ಮಾಡಿದಳು ಗೊತ್ತಲ್ಲ, ಬಾಗಿಲಿಗೆ ಅಡ್ಡ ಅಗುಳಿ ಹಾಕಿದಳು. ನನ್ನ ದುಡ್ಡು ಅಗುಳಿಯಾಗಿ ಹೋಯಿತು.

ಪರದೆ ಕಪ್ಪಾಗಿ ಕೆಳಗಿನಿಂದ ಮೇಲಕ್ಕೆ ಇಂಗ್ಲಿಷ್ ಹೆಸರುಗಳು ಏಳತೊಡಗಿದವು. ಜನ ಹೊರಟರು. ಸೀನು, ಗುಂಡು ಹಾರಲಿಲ್ಲ, ಭಾವ ಗೆದ್ದರು ಎಂದ. ಅಕ್ಷರ ಬರುತ್ತಿದೆ ಎಂದರೆ ಸಿನಿಮಾ ಮುಗಿದಿಲ್ಲ, ಕೊನೆಗೊಂದು ಹಾರಿದರೂ ಹಾರಬಹುದು, ನಾನು ಏಳುವುದಿಲ್ಲ ಎಂದೆ. ಭಾವನೂ, "ಸರಿ, ನಾನೂ ಏಳಲ್ಲ. ಕೂತ್ಕೋ" ಎಂದರು. ಇಲ್ಲೊಂದು ಸಂಗತಿ ಬರೆಯಬೇಕು, ನೀನು ಹೆಣ್ಣುಮಗಳು, ಆದರೂ ಬರೆಯುತ್ತೇನೆ. ಸಿನಿಮಾಕ್ಕೆ ಇಂಟರ್ವೆಲ್ಲು ಇರಲಿಲ್ಲ. ನನಗೆ ಸಕ್ಕರೆ, ಅವರಿಗೆ ವಯಸ್ಸು, ಬರುವ ಮುಂಚೆ ಸೀನುವಿನ ಅಂಗಡಿಯಲ್ಲಿ ಇಬ್ಬರೂ ಎರಡೆರಡು ಟೀ ಕುಡಿದಿದ್ದೆವು. ಖಾಲಿ ಹಾಲಿನಲ್ಲಿ ಇಬ್ಬರೂ ಹಲ್ಲು ಕಚ್ಚಿ, ಕಾಲ ಮೇಲೆ ಕಾಲು ಹಾಕಿ, ಯಾರೋ ಬಣ್ಣ ಬಳಿದವರ, ಯಾರೋ ಕುದುರೆಗೆ ಹುಲ್ಲು ಹಾಕಿದವರ ಹೆಸರುಗಳನ್ನು ಭಕ್ತಿಯಿಂದ ನೋಡುತ್ತ ಕೂತೆವು. ಸೊಪ್ಪು ಬಾಡಿ ಭಾವನ ತೊಡೆಯ ಮೇಲೆ ಮಲಗಿತ್ತು. ಕಸ ಗುಡಿಸುವಾಕೆ ಬಂದು ನಮ್ಮ ಕಾಲ ಕೆಳಗೂ ಗುಡಿಸಿ ಹೋದಳು. ಆ ಇಂಗ್ಲಿಷ್ ರಾಶಿಯ ತುದಿಯಲ್ಲಿ ಒಂದೇ ಒಂದು ಸಾಲು ಕನ್ನಡ ಬಂತು. ಅಷ್ಟು ಹೊತ್ತು ಓದಿದ ಚಾಳಿ ನೋಡು, ನಾನು ಗಟ್ಟಿಯಾಗಿಯೇ ಓದಿಬಿಟ್ಟೆ: ಕನ್ನಡ ಸಾಲುಗಳು, ಶ್ವೇತ ಶಿವರಾಮ್.

ಭಾವ ಎದ್ದು ನಿಂತರು. ಪರದೆಯ ಹತ್ತಿರ ಹೋಗುವವರಂತೆ ಎರಡು ಹೆಜ್ಜೆ ಇಟ್ಟರು, ಸೊಪ್ಪೆಲ್ಲ ನೆಲಕ್ಕೆ ಬಿತ್ತು. ಆ ಹೆಸರು ಮೇಲೆ ಹೋಗಿ ಕಾಣದಾಗುವವರೆಗೆ ನೋಡಿದರು. ಆಮೇಲೆ, "ನನ್ನ ಹೆಸರೂ ಹಾಕಿದಾಳೆ" ಎಂದರು. ನಾನು ಸೊಪ್ಪು ಆರಿಸಿಕೊಟ್ಟೆ. ಅದೇ ಹೊತ್ತಿಗೆ ಲೈಟು ಬಂತು. ಸೀನು ಮಧ್ಯಸ್ಥನಲ್ಲವೇ, ಅವನಿಗೆ ಒಮ್ಮೆಲೇ ಕರ್ತವ್ಯ ನೆನಪಾಯಿತು. ಮುಗಿಯುವ ಮುಂಚೆ ಯಾರೋ ಎದ್ದಿರಲ್ಲ, ಯಾರು ಮೊದಲು ಎದ್ದಿದ್ದು, ನಾನು ಚಪ್ಪಲಿ ಹುಡುಕುತ್ತಿದ್ದೆ, ನೋಡಲಿಲ್ಲ ಎಂದ. ಕಟ್ಟಳೆಯ ಪ್ರಕಾರ ಗೆಲುವು ನನ್ನ ಬಾಗಿಲಿಗೆ ಬಂದು ನಿಂತಿತ್ತು ಶ್ವೇತೂ. ಭಾವನ ಮುಖ ನೋಡಿದೆ. ಅವರಿಗೆ ಪಂದ್ಯದ ನೆನಪೇ ಇದ್ದಂತಿರಲಿಲ್ಲ. "ನಾನೇ ಕಣೋ ಎದ್ದಿದ್ದು. ತಡೆಯೋಕಾಗ್ಲಿಲ್ಲ" ಎಂದು ಹೇಳಿ ಬಚ್ಚಲ ಕಡೆ ಓಡಿದೆ. ಅದು ಅರ್ಧ ನಿಜವೇ. ವಾಪಸು ಬರುವ ಹೊತ್ತಿಗೆ ದುಡ್ಡು ಭಾವನ ಕೈ ಸೇರಿತ್ತು. ಐನೂರು ಹೋದರೆ ಹೋಯಿತು ಬಿಡು, ರಾಮಯ್ಯನಿಗೆ ಐನೂರು ಯಾವ ಲೆಕ್ಕ.

ಆಟೋದಲ್ಲಿ ಬನಶಂಕರಿ ತನಕ ಭಾವ ಬಾಡಿದ ಸೊಪ್ಪನ್ನು ಒಂದೊಂದೇ ಕಡ್ಡಿ ಜೋಡಿಸಿಕೊಂಡು ಕೂತಿದ್ದರು. ಸಿಗ್ನಲಿನಲ್ಲಿ ನಿಂತಾಗ, ಇಂಥದೊಂದು ಸಿನಿಮಾಕ್ಕೆ ಬರೆಯಲು ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದರು. ನನಗೇನು ಗೊತ್ತು, ಆರು ತಿಂಗಳು ಎಂದೆ. ಇನ್ನೊಂದು ಸಿಗ್ನಲ್ ಕಳೆದ ಮೇಲೆ, "ಅವಸರದಲ್ಲಿ ಬರೆದಿಲ್ಲ. ಓದೋಕೆ ಟೈಮ್ ಕೊಟ್ಟಿದಾಳೆ" ಎಂದರು. ನಿಮ್ಮಪ್ಪ ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿದವರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನಂತೂ ಕೇಳಿಲ್ಲ. ಆದ್ದರಿಂದ ಆ ಕೆಲಸ ಬಿಡಬೇಡ. ಮುಂದಿನ ಸಲ ಮಾತ್ರ ಹಿಂದಿನ ಗೋಡೆ ಪೂರ್ತಿ ಕಟ್ಟಿದ ಸಿನಿಮಾ ಆರಿಸಿಕೋ.

ವೇಳೆಗೆ ಸರಿಯಾಗಿ ಊಟ ಮಾಡು, ತಲೆಗೆ ಎಣ್ಣೆ ಹಚ್ಚು. ನಿನ್ನ ರೂಮಿನಲ್ಲಿರುವ ಹುಡುಗಿಗೆ ನನ್ನ ನಮಸ್ಕಾರ ಹೇಳು, ಟೆಂಟಿನ ಕಥೆಯನ್ನೂ ಹೇಳು. ನಮ್ಮ ಮನೆದೇವರು ನಿನ್ನ ಕೈಬೆರಳುಗಳನ್ನು ನೋಯದಂತೆ ಕಾಯಲಿ, ನನ್ನವು ಆಗಲೇ ಬಿದ್ದು ಹೋಗಿವೆ.

ಇಂತು ನಿನ್ನ ಹಿತ ಬಯಸುವ,
ರಾಮಯ್ಯ ಮಾಮ

ಮರೆತದ್ದು: ಕವರಿಗೆ ಅಂಟು ಹಚ್ಚುವಾಗ ಭಾವ ಬಂದರು, ಅದಕ್ಕೇ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಪಂದ್ಯದ ದುಡ್ಡನ್ನು ಮೇಜಿನ ಮೇಲಿಟ್ಟು, "ಮೊದಲು ಎದ್ದಿದ್ದು ನಾನು. ನಂಗೊತ್ತು, ನಿಂಗೂ ಗೊತ್ತು" ಎಂದರು. ಕೈ ಚಾಚಿ ತೆಗೆದುಕೊಳ್ಳಬೇಕಿತ್ತು. ಆದರೆ ಬಾಯಿ ಕೇಳಬೇಕಲ್ಲ, ಮಧ್ಯಸ್ಥ ತೀರ್ಪು ಕೊಟ್ಟ ಮೇಲೆ ಸಾರಕ್ಕಿಯವನು ದುಡ್ಡು ವಾಪಸು ಮುಟ್ಟುವುದಿಲ್ಲ ಎಂದು ಎದೆ ಸೆಟೆಸಿಬಿಟ್ಟೆ. ಹಾಗಾದರೆ ಇದು ನನ್ನದೂ ಅಲ್ಲ ನಿನ್ನದೂ ಅಲ್ಲ, ಅವಳ ಸಿನಿಮಾದಿಂದ ಬಂದದ್ದು ಅವಳಿಗೇ ಹೋಗಲಿ, ಅವಳ ಬ್ಯಾಂಕ್ ಖಾತೆಯ ನಂಬರ್ ಕೊಡು ಎಂದರು. ನನ್ನ ಹತ್ತಿರ ಇಲ್ಲ ಭಾವ, ಹಳೇ ಫೋನಿನಲ್ಲೇ ಹೋಯಿತು, ನೀವೇ ಕೇಳಿಕೊಳ್ಳಿ ಎಂದೆ. ನಿನ್ನ ಖಾತೆಯ ನಂಬರು ಆಗ ನನ್ನ ಜೇಬಿನ ಫೋನಿನಲ್ಲೇ ಇತ್ತು. ಅಕ್ಕನಿಗೂ ಹೇಳಿ ಇಟ್ಟಿದ್ದೇನೆ, ಭಾವ ಕೇಳಿದರೆ ಅವಳ ಹತ್ತಿರವೂ ಇಲ್ಲ. ಭಾವ ದುಡ್ಡನ್ನು ಮತ್ತೆ ಜೇಬಿಗೆ ಸೇರಿಸಿ, "ಅಮಾವಾಸ್ಯೆ ಕಳೀಲಿ. ಭಾನುವಾರ ಬೆಳಿಗ್ಗೆ ಮಾಡ್ತೀನಿ" ಎಂದರು. ಫೋನ್ ಎತ್ತು. ನಂಬರನ್ನು ಪೂರ್ತಿ ಕೊಡಬೇಡ, ಅರ್ಧ ಹೇಳಿ ಉಳಿದರ್ಧ ಹಬ್ಬಕ್ಕೆ ಬಂದು ಹೇಳುತ್ತೇನೆ ಅನ್ನು, ಅವರು ಬಾ ಅನ್ನಲೇಬೇಕಾಗುತ್ತದೆ. ಖಾತೆಗೆ ದುಡ್ಡು ಬಿದ್ದಾಗ ಗಾಬರಿಯಾಗಬೇಡ. ಅತ್ತೆ ಅಡುಗೆಮನೆಯಿಂದ ಈ ಕಡೆಗೇ ಬರುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಅಂದು ಭಾವನ ಜೇಬಿನಲ್ಲಿ ಆಗಷ್ಟೇ ತಂದ ಪೆನ್ಷನ್ನಿತ್ತು, ನನ್ನ ಜೇಬಿನಲ್ಲಿ ಆಗಷ್ಟೇ ನಂದಕುಮಾರ್ ಕೊಟ್ಟ ಬಾಡಿಗೆಯಿತ್ತು, ಕೆಣಕುತ್ತ ಕೆಣಕುತ್ತ ನಾನು ಬಾಡಿಗೆ ಪೂರ್ತಿ ಇಟ್ಟುಬಿಟ್ಟೆ, ಅವರೂ ಅಷ್ಟೇ ಎಣಿಸಿಟ್ಟರು. ಐನೂರಲ್ಲ ಕಣಮ್ಮ. ಹನ್ನೆರಡು ಸಾವಿರ.